ಸಂಘದ ದುಡ್ಡು

ಇ.ಎಫ್. ಶೂಮಾಕರ್ ಬರೆದ 'ಬುದ್ಧಿಸ್ಟ್ ಎಕನಾಮಿಕ್ಸ್' ಅನ್ನೋ ಪ್ರಬಂಧ ಓದದೇ ಇದ್ದವರೂ ಅದರ ಸಾರವನ್ನ ಎಲ್ಲೋ ಒಂದು ಕಡೆ ಕೇಳಿಯೇ ಇರ್ತೀರಿ. ಕಡಿಮೆ ಬಳಸಿ, ಹೆಚ್ಚು ನೆಮ್ಮದಿಯಾಗಿರಿ. ಸ್ಥಳೀಯವಾಗಿ ಸಿಗೋದನ್ನ ತಗೊಳ್ಳಿ. ಕೆಲಸ ಅನ್ನೋದು ಸಂಬಳಕ್ಕೆ ಅನುಭವಿಸೋ ಶಿಕ್ಷೆ ಅಲ್ಲ, ಮನುಷ್ಯನನ್ನ ರೂಪಿಸೋ ಸಾಧನ. ಬೆಂಗಳೂರಿನಲ್ಲಿ ವಾರ್ಡ್‌ರೋಬ್ ಖಾಲಿ ಮಾಡುವ, ಮೂವತ್ತೆಂಟಕ್ಕೇ ಕೆಲಸ ಬಿಟ್ಟು ತೋಟ ಮಾಡುವ ಕನಸು ಕಾಣುವ ನಮ್ಮಂಥವರ ಮಾತಿನಲ್ಲಿ ಈ ಪ್ರಬಂಧದ ವಾಸನೆ ಇದ್ದೇ ಇರುತ್ತೆ. 1966ರಲ್ಲಿ ಮೊದಲು ಅಚ್ಚಾಯ್ತು, 1973ರಲ್ಲಿ 'ಸ್ಮಾಲ್ ಈಸ್ ಬ್ಯೂಟಿಫುಲ್' ಪುಸ್ತಕಕ್ಕೆ ಸೇರಿಕೊಂಡಿತು. ಬರೆದಾತ ಬ್ರಿಟನ್ನಿನ ಕಲ್ಲಿದ್ದಲು ಮಂಡಳಿಯ ಅರ್ಥಶಾಸ್ತ್ರಜ್ಞ. 1955ರಲ್ಲಿ ಬರ್ಮಾ ಸರ್ಕಾರಕ್ಕೆ ಸಲಹೆ ಕೊಡೋಕೆ ಹೋಗಿ, ಅಲ್ಲಿ ಕಂಡಿದ್ದರಿಂದ ಮನಸ್ಸು ಬದಲಾಯಿಸಿಕೊಂಡು ಬಂದವನು.

ಒಳ್ಳೆಯ ಪ್ರಬಂಧ. ಇವತ್ತಿಗೂ ಓದಬೇಕಾದ್ದು. ಆದರೆ ಇದನ್ನ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯಿಂದ ಓದಿದರೆ ಒಂದು ದೊಡ್ಡ ತೂತು ಕಾಣುತ್ತೆ. ಅದರಲ್ಲಿ ದುಡಿಮೆ ಇದೆ, ಬಳಕೆ ಇದೆ, ಮರ ಇದೆ, ಕಲ್ಲಿದ್ದಲು ಇದೆ. ಸಾಲ ಇಲ್ಲ. ಬೌದ್ಧ ಧರ್ಮ ಚೀನಾದ ಆರ್ಥಿಕ ಬದುಕನ್ನ ಆಳವಾಗಿ ಮುಟ್ಟಿದ್ದೇ ಸಾಲದ ಮೂಲಕ. ಅದನ್ನ ಬಿಟ್ಟು ಬೌದ್ಧ ಅರ್ಥಶಾಸ್ತ್ರ ಬರೆಯೋದು ಅಂದ್ರೆ ಕೆರೆಯನ್ನ ಬಿಟ್ಟು ಊರಿನ ನಕ್ಷೆ ಬರೆದ ಹಾಗೆ.

ಮೊದಲು ಪ್ರಬಂಧದ ಬಲ ಎಲ್ಲಿದೆ ಅಂತ ನೋಡೋಣ. ಉಪಕರಣ ಬೇರೆ, ಯಂತ್ರ ಬೇರೆ ಅನ್ನೋ ವಾದವನ್ನ ಶೂಮಾಕರ್ ಆನಂದ ಕುಮಾರಸ್ವಾಮಿಯವರಿಂದ ತಗೊಳ್ತಾನೆ. ಕೈಮಗ್ಗ ನೇಕಾರನ ಬೆರಳಿಗೆ ನೆರವಾಗೋ ಉಪಕರಣ. ಪವರ್‌ಲೂಮ್ ಆ ಬೆರಳಿನ ಕೆಲಸವನ್ನೇ ಕಿತ್ತುಕೊಳ್ಳೋ ಯಂತ್ರ. ಕೊಳ್ಳೇಗಾಲದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1956ರವರೆಗೆ ಈ ತಾಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ ರೇಷ್ಮೆ ಅಂದ್ರೆ ಕೊಳ್ಳೇಗಾಲವೇ. ಇಲ್ಲಿನ ರೇಷ್ಮೆ ಸೀರೆಯ ಹೆಸರು ಇನ್ನೂ ಉಳಿದಿದೆ.

ಆದರೆ ಮಗ್ಗದ ಮುಂದೆ ಕೂತು ಇನ್ನೊಂದು ಪ್ರಶ್ನೆ ಕೇಳಬೇಕು. ಮಗ್ಗ ಉಪಕರಣವೇ ಇರಬಹುದು, ಅದರ ಮೇಲಿನ ನೂಲು ಯಾರದ್ದು? ರೇಷ್ಮೆ ನೇಯ್ಗೆಯಲ್ಲಿ ಸಾಮಾನ್ಯವಾಗಿ ನೂಲು ಕೊಡೋನು ಮಾಲೀಕ, ಮುಂಗಡ ಕೊಡೋನೂ ಅವನೇ. ಮದುವೆಗೋ ಆಸ್ಪತ್ರೆಗೋ ಮುಂಗಡ ತಗೊಂಡ ನೇಕಾರ ಅದು ತೀರೋವರೆಗೂ ಆ ಮಾಲೀಕನಿಗೇ ನೇಯಬೇಕು. ಉಪಕರಣವೋ ಯಂತ್ರವೋ ಅನ್ನೋ ಚರ್ಚೆ ಆ ಮನೆಯಲ್ಲಿ ಎರಡನೆಯದು. ಮೊದಲನೆಯದು ಬಾಕಿ.

ಇನ್ನೊಂದು ಜಾಗದಲ್ಲಿ ಪ್ರಬಂಧ ತೀರಾ ಮುಗ್ಗರಿಸುತ್ತೆ. ಹೆಂಗಸರಿಗೆ ಒಟ್ಟಾರೆ ಹೊರಗಿನ ಕೆಲಸದ ಅಗತ್ಯ ಇಲ್ಲ, ದೊಡ್ಡ ಸಂಖ್ಯೆಯಲ್ಲಿ ಅವರು ಆಫೀಸು, ಕಾರ್ಖಾನೆಗೆ ಹೋಗೋದು ಆರ್ಥಿಕ ವೈಫಲ್ಯದ ಗುರುತು ಅಂತ ಶೂಮಾಕರ್ ಬೌದ್ಧ ಅರ್ಥಶಾಸ್ತ್ರಜ್ಞನ ಬಾಯಲ್ಲಿ ಹೇಳಿಸ್ತಾನೆ. ಇದನ್ನ ಹೊಗಳಿ ಹಂಚಿಕೊಳ್ಳೋ ಗೆಳತಿಯರು ಆ ಪುಟದವರೆಗೂ ಹೋಗಿಲ್ಲ ಅನ್ಸುತ್ತೆ. ಹುಳುವಿಗೆ ಸೊಪ್ಪು ಹಾಕೋ ಕೈ, ಗೂಡು ಬಿಡಿಸೋ ಕೈ, ಬಿಸಿ ನೀರಲ್ಲಿ ನೂಲಿನ ತುದಿ ಹುಡುಕೋ ಕೈ ಬಹುಪಾಲು ಹೆಂಗಸರದ್ದೇ. ಆ ದುಡಿಮೆ ತೆಗೆದರೆ ರೇಷ್ಮೆಯೇ ಇಲ್ಲ.

ಇನ್ನು ಬಳಕೆಯ ವಿಷಯ. ಏನು ಕೊಳ್ಳಬೇಕು, ಏನು ಬಿಡಬೇಕು ಅನ್ನೋದೇ ಬೌದ್ಧ ನೀತಿಯ ಮುಖ್ಯ ಪ್ರಶ್ನೆ ಅನ್ನೋ ಹಾಗೆ ಈ ಪ್ರಬಂಧ ಓದಿಸಿಕೊಳ್ಳುತ್ತೆ. ಆ ಪ್ರಶ್ನೆ ಚೀನಾದಲ್ಲೂ ಎದ್ದಿತ್ತು, ಅದೂ ರೇಷ್ಮೆಯನ್ನೇ ಹಿಡಿದು. ಭಿಕ್ಷುಗಳು ರೇಷ್ಮೆ ಬೆರೆಸಿದ ಹಾಸು ಮಾಡಿಸಿಕೊಳ್ಳಬಾರದು ಅನ್ನೋ ನಿಯಮ ವಿನಯ ಪಿಟಕದಲ್ಲಿದೆ. ಹೊಟ್ಟೆಪಾಡಿಗೆ ನಾವು ಹುಳು ಕೊಲ್ಲುತ್ತೇವೆ, ನಿಮಗೇನಾಗಿದೆ ಅಂತ ರೇಷ್ಮೆಯವರು ಭಿಕ್ಷುಗಳನ್ನ ಕೇಳಿದ್ದೇ ಆ ನಿಯಮಕ್ಕೆ ಕಾರಣ ಅಂತ ಕಥೆ. 7ನೇ ಶತಮಾನದ ದಾವೊಷ್ವಾನ್ ಎಂಬ ಚೀನೀ ಗುರು ರೇಷ್ಮೆ ಬಟ್ಟೆಯನ್ನೂ ಬಿಟ್ಟ. ನಾಲಂದಾದಲ್ಲಿ ಓದಿ ಬಂದ ಇತ್ಸಿಂಗ್ ಅದನ್ನ ಒಪ್ಪಲಿಲ್ಲ. ಸುಲಭವಾಗಿ ಸಿಗೋ ಬಟ್ಟೆ ಬಿಟ್ಟು ಸಿಗದ ಬಟ್ಟೆಗೆ ಅಲೆಯೋದು ಯಾವ ಧರ್ಮ ಅಂತ ಕೇಳಿದ. ಚರ್ಚೆ ಸ್ವಾರಸ್ಯವಾಗಿದೆ. ಆದರೆ ಭಿಕ್ಷುಗಳು ಬಟ್ಟೆಯ ಬಗ್ಗೆ ವಾದ ಮಾಡ್ತಿದ್ದ ಹೊತ್ತಿಗೆ ಮಠದ ಹಿಂದಿನ ಕೋಣೆಯಲ್ಲಿ ಬೇರೆಯೇ ವ್ಯವಹಾರ ನಡೀತಿತ್ತು.

ಆ ವ್ಯವಹಾರದ ಬೇರು ನಮ್ಮ ದೇಶದ್ದೇ. ನಾಸಿಕದ ಗುಹೆಯಲ್ಲಿ ಉಷವದಾತ ಎಂಬ ಅಧಿಕಾರಿ 2ನೇ ಶತಮಾನದಲ್ಲಿ ಬರೆಸಿದ ಶಾಸನ ಇದೆ. 3,000 ಕಾರ್ಷಾಪಣಗಳನ್ನ ಆತ ನೇಕಾರರ ಶ್ರೇಣಿಗಳಲ್ಲಿ ಠೇವಣಿ ಇಟ್ಟ. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ, ಉಳಿದ ಸಾವಿರಕ್ಕೆ ಮುಕ್ಕಾಲು. ಅಸಲು ಮುಟ್ಟೋ ಹಾಗಿಲ್ಲ. 2,000ದ ಬಡ್ಡಿ ವರ್ಷಕ್ಕೆ 240 ಆಯ್ತಲ್ಲ, ಅದರಲ್ಲಿ ಮಳೆಗಾಲ ಅಲ್ಲಿ ಉಳಿಯೋ 20 ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಖರ್ಚು. ಇದಕ್ಕೆ ಅಕ್ಷಯನೀವಿ ಅಂತ ಹೆಸರು. ಗಮನಿಸಿ, ಇಲ್ಲಿ ಬಡ್ಡಿ ಪಾಪ ಅಲ್ಲ. ದಾನಿಯ ದುಡ್ಡು ನೇಕಾರನ ಕೈಗೆ ಬಂಡವಾಳವಾಗಿ ಹೋಗುತ್ತೆ, ಲಾಭದ ಒಂದು ಪಾಲು ಭಿಕ್ಷುವಿನ ಮೈ ಮೇಲೆ ಬಟ್ಟೆಯಾಗಿ ಬರುತ್ತೆ. ದರ ಕಲ್ಲಿನ ಮೇಲೆ, ಎಲ್ಲರ ಕಣ್ಣೆದುರಿಗೆ.

ಈ ಅಕ್ಷಯದ ಕಲ್ಪನೆ ವಿನಯ ಗ್ರಂಥಗಳ ಜೊತೆ ಚೀನಾಕ್ಕೆ ಹೋಯ್ತು. ಶಿನ್‌ಶಿಂಗ್ (540-594) ಕಟ್ಟಿದ ಒಂದು ಪಂಥ ಚಾಂಗಾನ್ ನಗರದ ಹ್ವಾದು ಮಠದಲ್ಲಿ 'ಬರಿದಾಗದ ಭಂಡಾರ' ನಡೆಸಿತು. ಜನ ದಿನಕ್ಕಿಷ್ಟು ಅಂತ ಚಿಲ್ಲರೆ ಕಾಸು ಹಾಕೋರು. ಬಂದಿದ್ದರಲ್ಲಿ ಒಂದು ಪಾಲು ದೇಶದ ಮಠಗಳ ದುರಸ್ತಿಗೆ, ಒಂದು ಪಾಲು ಹಸಿದವರಿಗೆ, ಒಂದು ಪಾಲು ಪೂಜೆಗೆ. ಬೇಕಾದವರು ಸಾಲ ಒಯ್ಯಬಹುದಿತ್ತು. ಚೀನಾದ ಗಿರವಿ ಅಂಗಡಿಯೂ ಮೊದಲು ಕಾಣಿಸಿಕೊಂಡಿದ್ದು ಮಠಗಳಲ್ಲೇ. ಸುಮಾರು 5ನೇ ಶತಮಾನದ ಒಂದು ಪ್ರಸಂಗ ಚೀನೀ ಇತಿಹಾಸ ಗ್ರಂಥದಲ್ಲಿದೆ. ಝೆನ್ ಬಿನ್ ಎಂಬಾತ ನಾರಿನ ಕಂತೆಯೊಂದನ್ನ ಮಠದಲ್ಲಿ ಅಡವಿಟ್ಟ. ಬಿಡಿಸಿಕೊಂಡು ಮನೆಗೆ ತಂದಾಗ ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಐದು ಲಿಯಾಂಗ್ ಚಿನ್ನ ಸಿಕ್ಕಿತು. ಯಾರೋ ಅಡವಿಟ್ಟದ್ದು ಕಂತೆಗೆ ಸೇರಿಹೋಗಿತ್ತು. ಹಾಗೇ ತಗೊಂಡು ಹೋಗಿ ವಾಪಸ್ಸು ಕೊಟ್ಟ. ಅರ್ಧ ಇಟ್ಕೋ ಅಂದರೂ ಒಲ್ಲೆ ಅಂದ. ಪ್ರಾಮಾಣಿಕತೆಯ ಮಾದರಿ ಅಂತ ಈ ಕಥೆಯನ್ನ ಎಲ್ಲರೂ ಹೇಳ್ತಾರೆ. ನನಗೆ ಇದರಲ್ಲಿ ಮುಖ್ಯ ಅನ್ಸೋದು ಬೇರೆ: ಒಂದು ಕಂತೆ ನಾರು ಬಿಟ್ಟರೆ ಅಡವಿಡಲು ಏನೂ ಇಲ್ಲದವನಿಗೂ ಸಾಲ ಸಿಗ್ತಿತ್ತು, ಮತ್ತೆ ಅವನು ಅದನ್ನ ಬಿಡಿಸಿಕೊಳ್ಳೋಕೂ ಆಗ್ತಿತ್ತು.

ಇಷ್ಟೇ ಆಗಿದ್ದರೆ ಬೌದ್ಧ ಅರ್ಥಶಾಸ್ತ್ರ ಅಂತ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು. ಆದರೆ ಅದೇ ಪೆಟ್ಟಿಗೆಗೆ ಇನ್ನೊಂದು ಮುಖ ಇದೆ. ಉತ್ತರ ವೇಯ್ ರಾಜ್ಯದಲ್ಲಿ 5ನೇ ಶತಮಾನದ ಕೊನೆಗೆ ಕೆಲವು ಕುಟುಂಬಗಳನ್ನ 'ಸಂಘದ ಮನೆಗಳು' ಅಂತ ಗುರುತಿಸಿದರು. ವರ್ಷಕ್ಕೆ 60 ಅಳತೆ ಧಾನ್ಯ ಅವರು ಸಂಘಕ್ಕೆ ಕೊಡಬೇಕು, ಬರ ಬಂದಾಗ ಅದನ್ನ ಜನರಿಗೆ ಹಂಚಬೇಕು. 511ರ ಹೊತ್ತಿಗೆ ಏನಾಯ್ತು ಅನ್ನೋದು ಅರಸನ ಒಂದು ಆಜ್ಞೆಯಲ್ಲಿ ದಾಖಲಾಗಿದೆ. ಧಾನ್ಯ ಸಾಲಕ್ಕೆ ಹೋಗ್ತಿದೆ, ಪ್ರವಾಹ ಬರಲಿ ಬರ ಬರಲಿ ವಸೂಲಿ ನಿಲ್ಲೋದಿಲ್ಲ, ಅಸಲಿಗಿಂತ ಬಡ್ಡಿ ಹೆಚ್ಚಾಗಿದೆ, ಪತ್ರಗಳನ್ನ ತಿದ್ದುತ್ತಿದ್ದಾರೆ ಅನ್ನೋದು ಅದರ ತಾತ್ಪರ್ಯ. ದುನ್‌ಹುವಾಂಗ್ ಮಠಗಳ ಹಳೆಯ ಕಾಗದಗಳನ್ನ ನೋಡಿದರೆ, ಬಿತ್ತನೆಗೆ ಒಯ್ದ ಧಾನ್ಯಕ್ಕೆ ಸುಗ್ಗಿಯಲ್ಲಿ ಅರ್ಧದಷ್ಟು ಸೇರಿಸಿ ಕೊಡೋದು ಮಾಮೂಲು. ಕೆಲವೇ ತಿಂಗಳಿಗೆ ಶೇ. 50. ಫ್ರೆಂಚ್ ವಿದ್ವಾಂಸ ಜಾಕ್ ಜೆರ್ನೆ 1956ರಲ್ಲೇ ಈ ಲೆಕ್ಕಗಳನ್ನೆಲ್ಲ ಪುಸ್ತಕ ಮಾಡಿದ್ದ. ಶೂಮಾಕರ್ ಪ್ರಬಂಧಕ್ಕಿಂತ ಹತ್ತು ವರ್ಷ ಮೊದಲು.

ಹ್ವಾದು ಮಠದ ಭಂಡಾರದ್ದೂ ಅದೇ ಪಾಡು. ಒಬ್ಬ ಭಕ್ತ ವರ್ಷಗಟ್ಟಲೆ ನಿಷ್ಠೆಯಿಂದ ಕಸ ಗುಡಿಸಿ ಕಾವಲಿನ ಕೆಲಸ ಗಿಟ್ಟಿಸಿದ, ಲೆಕ್ಕ ಇಲ್ಲದಷ್ಟು ಚಿನ್ನ ಸಾಗಿಸಿ, ತೋಳನ ಕೈಗೆ ಕುರಿ ಕೊಟ್ಟಿರಲ್ಲ ಅನ್ನೋ ಅರ್ಥದ ಗೇಲಿ ಬರೆದಿಟ್ಟು ಓಡಿಹೋದ. 721ರಲ್ಲಿ ಅರಸ ಭಂಡಾರಕ್ಕೇ ಬೀಗ ಹಾಕಿಸಿದ. 845ರ ದಮನದಲ್ಲಿ 4,600 ಮಠಗಳು ನೆಲಸಮ ಆದವು, 2,60,500 ಭಿಕ್ಷು ಭಿಕ್ಷುಣಿಯರನ್ನ ಮನೆಗೆ ಕಳಿಸಿದರು. ಅದೇ ದಾಖಲೆಯಲ್ಲಿ ಮಠಗಳಿಂದ ಬಿಡಿಸಿದ ಜೀತದಾಳುಗಳ ಸಂಖ್ಯೆಯೂ ಇದೆ: 1,50,000. ದಮನ ಮಾಡಿದ ಅರಸನೇನು ಸಂತನಲ್ಲ, ಕಂಚಿನ ವಿಗ್ರಹ ಕರಗಿಸಿ ನಾಣ್ಯ ಹೊಯ್ಯೋದು ಅವನಿಗೆ ಬೇಕಿತ್ತು. ಆದರೂ ಆ ಒಂದೂವರೆ ಲಕ್ಷ ಅನ್ನೋ ಅಂಕಿಯನ್ನ ದಾಟಿಕೊಂಡು ಹೋಗೋಕೆ ಆಗಲ್ಲ.

ಮಠಗಳು ಹೋದ ಮೇಲೂ ನೀತಿ ಉಳೀತು. ದುಡಿಯದ ದಿನ ಉಣ್ಣೋ ಹಾಗಿಲ್ಲ ಅಂತ ನಡೆದುಕೊಂಡ ಜೆನ್ ಗುರು ಬಾಯ್‌ಜಾಂಗ್ (749-814) ಹೆಸರಿನ ಕಥೆ ಚೀನಾದಲ್ಲಿ ಮನೆಮಾತು. ಆ ದುಡಿಮೆಯ ಶ್ರದ್ಧೆ ಕನ್‌ಫ್ಯೂಶಿಯನ್ ಪಂಡಿತರನ್ನ ತಟ್ಟಿ, ಅವರ ಮೂಲಕ ಮಿಂಗ್ ಕಾಲದ ವರ್ತಕರ ನಡವಳಿಕೆಗೂ ಇಳೀತು ಅಂತ ಇತಿಹಾಸಕಾರ ಯು ಯಿಂಗ್‌ಷಿ 1987ರಲ್ಲಿ ವಾದಿಸಿದರು. ಪಾಪ ಪುಣ್ಯವನ್ನ ಅಂಗಡಿ ಲೆಕ್ಕದ ಹಾಗೆ ದಿನಾ ಬರೆದಿಡೋ ಪುಸ್ತಕಗಳೂ ಅದೇ ಕಾಲದಲ್ಲಿ ಜನಪ್ರಿಯ ಆದವು. ಇಷ್ಟೆಲ್ಲದರ ತಿರುಳು ಕಮ್ಮಿ ಆಸೆಪಡು ಅನ್ನೋದಲ್ಲ. ಗಳಿಸು, ಲೆಕ್ಕ ಇಡು, ಮಿಕ್ಕಿದ್ದು ಎಲ್ಲಿ ನಿಂತಿದೆ ಅಂತ ನೋಡು ಅನ್ನೋದು.

ಬುದ್ಧನ ಮಾತಿಗೇ ಹೋದರೂ ಸಾಲ ಅಲ್ಲಿ ಇದ್ದೇ ಇದೆ. ಅಂಗುತ್ತರ ನಿಕಾಯದಲ್ಲಿ 'ಇಣ ಸುತ್ತ' ಅಂತಿದೆ, ಇಣ ಅಂದ್ರೆ ಋಣ. ಬಡತನ ದುಃಖ, ಬಡವ ಸಾಲ ಮಾಡೋದು ದುಃಖ, ಅದಕ್ಕೆ ಬಡ್ಡಿ ಬೆಳೆಯೋದು ದುಃಖ, ಕೇಳೋಕೆ ಮನೆ ಬಾಗಿಲಿಗೆ ಬರೋದು ದುಃಖ, ಹೋದಲ್ಲೆಲ್ಲ ಬೆನ್ನಟ್ಟೋದು ದುಃಖ, ಕೊನೆಗೆ ಕಟ್ಟಿಹಾಕೋದು ದುಃಖ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೆ. ಅಲ್ಲಿನ ಪಾಲಿ 'ವಡ್ಢಿ'ಯೇ ನಮ್ಮ ಬಡ್ಡಿ. ನೀತಿಗೆಟ್ಟವನ ಸ್ಥಿತಿಗೆ ಹೋಲಿಕೆಯಾಗಿ ಬುದ್ಧ ಇದನ್ನ ಹೇಳಿದ್ದು ನಿಜ. ಆದರೆ ಕೂತು ಕೇಳ್ತಿದ್ದವರಿಗೆ ಆ ಆರು ಮೆಟ್ಟಿಲು ಗೊತ್ತಿದ್ದರಿಂದಲೇ ಹೋಲಿಕೆ ನಾಟಿತು. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖ ಹೇಳುವಾಗಲೂ ಸಾಲ ಇಲ್ಲದಿರುವ ಸುಖ ಅಂತ ಒಂದನ್ನ ಬೇರೆಯಾಗಿ ಎಣಿಸ್ತಾನೆ. ಚಾಮರಾಜನಗರ ಜಿಲ್ಲೆಯಲ್ಲಿ ಬುದ್ಧ ತಲುಪಿದ್ದು ಹೆಚ್ಚಾಗಿ ಅಂಬೇಡ್ಕರ್ ಮೂಲಕ. ಅಂಬೇಡ್ಕರ್ ಮೂಲತಃ ಅರ್ಥಶಾಸ್ತ್ರಜ್ಞ, ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲೇ ಪುಸ್ತಕ ಬರೆದವರು. ಬುದ್ಧ ಬಡತನವನ್ನ ಹೊಗಳಲಿಲ್ಲ, ನೀತಿಯಿಂದ ಬಂದ ಸಂಪತ್ತನ್ನ ಸ್ವಾಗತಿಸಿದ ಅನ್ನೋದು ಅವರ ಓದು. ಹಸಿವು ಕಂಡವರ ಓದು ಅದು. ಶೂಮಾಕರ್‌ನದ್ದು ಹೊಟ್ಟೆ ತುಂಬಿದ ಸಮಾಜದ ಓದು. ಎರಡೂ ಬೇಕು, ಆದರೆ ಎರಡೂ ಒಂದೇ ಅಲ್ಲ.

ಈಗ ಹನೂರಿಗೆ ಬನ್ನಿ. ಇಲ್ಲಿನ ಹಳ್ಳಿಗಳಲ್ಲಿ 'ಸಂಘ' ಅಂದ್ರೆ ಯಾರೂ ಭಿಕ್ಷುಗಳನ್ನ ನೆನೆಸಿಕೊಳ್ಳಲ್ಲ. "ಇವತ್ತು ಸಂಘಕ್ಕೆ ಕಟ್ಟಬೇಕು" ಅಂದ್ರೆ ವಾರದ ಕಂತು. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಬಂದಾಗ ಅದು ಹೆಂಗಸರು ವಾರಕ್ಕಿಷ್ಟು ಅಂತ ಕೂಡಿಟ್ಟು ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಳ್ಳೋ ಪೆಟ್ಟಿಗೆ. ಆಮೇಲೆ ಅದೇ ಹೆಸರಲ್ಲಿ, ಅದೇ ಹತ್ತು ಜನರನ್ನ ಕೂರಿಸಿಕೊಂಡು, ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು. ದುಡ್ಡು ಸಂಘದ್ದಲ್ಲ, ಹೊರಗಿನದ್ದು. ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 20ರ ಮೇಲೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಹಾಗಾಗಿ ವಸೂಲಿಗೆ ಏಜೆಂಟೇ ಬೇಕಿಲ್ಲ, ಪಕ್ಕದ ಮನೆಯವಳೇ ಸಾಕು. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ, ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಸಾಲು ಸಾಲಾಗಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತಂದಿತು. 511ರ ಆಜ್ಞೆಯನ್ನ ಇದರ ಪಕ್ಕದಲ್ಲಿಟ್ಟು ಓದಿ. ಇಣ ಸುತ್ತದ ಐದನೇ ಮೆಟ್ಟಿಲನ್ನೂ ಇಟ್ಟುಕೊಳ್ಳಿ.

ಇದರರ್ಥ ಸಾಲವೇ ಕೆಟ್ಟದ್ದು ಅಂತಲ್ಲ. ಹನೂರು ತಾಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರ ಧೋಂಡೆನ್‌ಲಿಂಗ್ ವಸತಿ ಇದೆ. ದೊಡ್ಡ ಜೋಗ್ಚೆನ್ ಮಠ ಇದೆ, ವೀಕೆಂಡಲ್ಲಿ ನಾವೆಲ್ಲ ಹೋಗಿ ಫೋಟೋ ತೆಗೆಸಿಕೊಳ್ಳೋದು ಅಲ್ಲೇ. ಮಠದ ಸುತ್ತ ಇರೋದು ಮೆಕ್ಕೆಜೋಳದ ಹೊಲ. ಮಳೆ ನಂಬಿದ ಬೇಸಾಯ ಸಾಲದು, ಹಾಗಾಗಿ ಭಾರತದ ಅನೇಕ ಟಿಬೆಟನ್ ವಸತಿಗಳ ಹಾಗೆ ಇಲ್ಲಿಂದಲೂ ಚಳಿಗಾಲದಲ್ಲಿ ಜನ ಊರೂರಿಗೆ ಸ್ವೆಟರ್ ಮಾರೋಕೆ ಹೋಗ್ತಾರೆ. ಆ ವ್ಯಾಪಾರ ನಿಂತಿರೋದೇ ಉದ್ದರಿಯ ಮೇಲೆ. ಲೂಧಿಯಾನದ ಸಗಟು ವ್ಯಾಪಾರಿ ಮಾಲು ಕೊಡ್ತಾನೆ, ಸೀಸನ್ ಮುಗಿದ ಮೇಲೆ ಲೆಕ್ಕ. ಸ್ಥಳೀಯವಾದದ್ದೇ ಶ್ರೇಷ್ಠ ಅನ್ನೋ ಶೂಮಾಕರ್ ಸೂತ್ರಕ್ಕೆ, ಪಂಜಾಬಿನ ಸ್ವೆಟರನ್ನ ದೇಶವೆಲ್ಲ ಹೊತ್ತು ಮಾರೋ ಈ ಬೌದ್ಧರು ಎಲ್ಲಿ ಸೇರ್ತಾರೆ? ಹಾಗಂತ ಇವರನ್ನ ಆದರ್ಶ ಮಾಡೋದೂ ಬೇಡ. ಹಳೆಯ ಟಿಬೆಟ್ಟಿನಲ್ಲೂ ರೈತರಿಗೆ ಸಾಲ ಕೊಡೋ ದೊಡ್ಡ ಕುಳಗಳಲ್ಲಿ ಮಠಗಳೇ ಮುಂದಿದ್ದವು. ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಲ್ಯಾಂಪ್ಸ್ ಸಹಕಾರ ಸಂಘ ಜೇನು, ನೆಲ್ಲಿಕಾಯಿ ಕೊಳ್ಳುತ್ತೆ. ಅಲ್ಲೂ ಕೇಳಬೇಕಾದ್ದು ಅದೇ: ತಕ್ಕಡಿ ಯಾರ ಕೈಲಿ, ಲೆಕ್ಕದ ಪುಸ್ತಕ ಯಾರು ನೋಡಬಹುದು.

ಶೂಮಾಕರ್ ಪ್ರಬಂಧ ಅಚ್ಚಾದ 1966ರಲ್ಲೇ ತೈವಾನಿನ ಹುವಾಲಿಯನ್‌ನಲ್ಲಿ ಚೆಂಗ್ ಯೆನ್ ಎಂಬ ಭಿಕ್ಷುಣಿ ಮೂವತ್ತು ಗೃಹಿಣಿಯರನ್ನ ಕೂಡಿಸಿ ತ್ಸು ಚಿ ಅನ್ನೋ ಸಂಸ್ಥೆ ಶುರು ಮಾಡಿದರು. ಒಬ್ಬೊಬ್ಬರೂ ದಿನಾ ತರಕಾರಿ ದುಡ್ಡಿನಲ್ಲಿ 50 ಸೆಂಟು ಬಿದಿರಿನ ಕೊಳವೆಗೆ ಹಾಕಬೇಕು, ಬಡವರ ಚಿಕಿತ್ಸೆಗೆ ಅಂತ. ಶಿನ್‌ಶಿಂಗ್‌ನ ಚಿಲ್ಲರೆ ಕಾಸಿನ ಭಂಡಾರವನ್ನೇ ನೆನಪಿಸೋ ಕ್ರಮ. ಇವತ್ತು ಅದು ಆಸ್ಪತ್ರೆಗಳನ್ನ ನಡೆಸೋ ಸಂಸ್ಥೆ. ಹೆಂಗಸರಿಗೆ ಹೊರಗಿನ ಕೆಲಸ ಬೇಕಿಲ್ಲ ಅಂತ ಲಂಡನ್ನಿನಲ್ಲಿ ಒಬ್ಬ ಬೌದ್ಧ ಅರ್ಥಶಾಸ್ತ್ರ ಬರೀತಿದ್ದ ವರ್ಷವೇ ಆ ಹೆಂಗಸರು ಅದನ್ನ ಮಾಡಿ ತೋರಿಸ್ತಿದ್ದರು.

ಹಾಗಾಗಿ ಪ್ರಬಂಧ ಓದಿ, ಆದರೆ ಇರೋದು ಅಷ್ಟೇ ಅಂದುಕೊಳ್ಳಬೇಡಿ. ಎಷ್ಟು ಕೊಂಡೆ, ಎಷ್ಟು ಬಿಟ್ಟೆ ಅಂತ ನೋಡಿಕೊಳ್ಳೋದು ಸುಲಭ, ಅದು ನಮ್ಮ ಕಪಾಟಿನೊಳಗೇ ಮುಗಿಯುತ್ತೆ. ಉಳಿಸಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡೋದು ಕಷ್ಟ. ಕಪಾಟು ಖಾಲಿ ಮಾಡಿ ಉಳಿಸಿದ್ದನ್ನ ನಾವು ಮ್ಯೂಚುವಲ್ ಫಂಡಿಗೆ ಹಾಕ್ತೀವಿ. ಆ ಫಂಡಿನ ಪಟ್ಟಿಯಲ್ಲಿ ಹನೂರಿನ ಹಳ್ಳಿಯಲ್ಲಿ ಕಂತು ವಸೂಲಿ ಮಾಡೋ ಕಂಪನಿಯ ಷೇರೋ ಬಾಂಡೋ ಇರಬಹುದು. ಪಟ್ಟಿ ಪ್ರತಿ ತಿಂಗಳೂ ಫಂಡಿನ ವೆಬ್‌ಸೈಟಿಗೆ ಬರುತ್ತೆ, ತೆಗೆದು ನೋಡೋಕೆ ಹತ್ತು ನಿಮಿಷ ಸಾಕು. ನಾಸಿಕದ ದಾನಿ ತನ್ನ ದುಡ್ಡು ಯಾವ ನೇಕಾರರ ಕೈಲಿದೆ, ಎಷ್ಟು ಬಡ್ಡಿಗೆ ಅನ್ನೋದನ್ನ ಬಂಡೆ ಮೇಲೆ ಕೆತ್ತಿಸಿ ಹೋದ. ನಮ್ಮ ದುಡ್ಡಿನ ಬಗ್ಗೆ ಅಷ್ಟಾದರೂ ನಮಗೆ ಗೊತ್ತಿರಬೇಕು ಅಲ್ವಾ?